ಹಳೆಯ ಮಾಲೆಯ ಮಾತು

ನದಿಯ ಈಚೆ ದಡದ ಆ ಊರಿನಲ್ಲಿ ಮಾತನ್ನು ಋತುವಿಗೊಮ್ಮೆ ಬಿಚ್ಚಿ ಮತ್ತೆ ಪೋಣಿಸುತ್ತಿದ್ದರು. ಪೋಣಿಸುವವಳು ಒಬ್ಬಳೇ. ಅವಳನ್ನು ಊರು ಮಾಲೆಗಾರ್ತಿ ಎಂದು ಕರೆಯುತ್ತಿತ್ತು. ಅವಳ ತಾಯಿಯೂ ಮಾಲೆಗಾರ್ತಿ, ತಾಯಿಯ ತಾಯಿಯೂ ಮಾಲೆಗಾರ್ತಿ. ಅಂಟುವಾಳದ ಕರಿ ಬೀಜಗಳ ಮೇಲೆ ಒಂದೊಂದು ವ್ಯಂಜನ ಕೊರೆದು, ಮರದ ಬೋಗುಣಿಯಲ್ಲಿ ಹಾಕಿ ಕುಲುಕಿ, ಕಣ್ಣು ಮುಚ್ಚಿ ಒಂದೊಂದಾಗಿ ಎತ್ತಿ ದಾರಕ್ಕೆ ಏರಿಸುವುದು ಅವಳ ಕೆಲಸ. ಮೂಲದಲ್ಲಿ ಕ ಇದ್ದ ಜಾಗಕ್ಕೆ ಯಾವ ಬೀಜ ಬಂದು ಕೂತಿತೋ, ಆ ಋತುವೆಲ್ಲ ಊರಿನ ಬಾಯಲ್ಲಿ ಕಕಾರಕ್ಕೆ ಆ ಸದ್ದೇ. ಸ್ವರಗಳನ್ನು ಮಾತ್ರ ಪೋಣಿಸುತ್ತಿರಲಿಲ್ಲ. ಅಳುವಾಗ, ನರಳುವಾಗ, ಯಾರನ್ನೋ ಕೂಗುವಾಗ ಬಾಯಿಂದ ಹೊರಡುವವು ಅವೇ. ಅವನ್ನು ಮುಚ್ಚಿಡುವುದು ಯಾರ ಕೈಲೂ ಆಗದು ಎಂದು ಹಿಂದಿನವರು ಬಿಟ್ಟುಬಿಟ್ಟಿದ್ದರು.

ಆಚೆ ದಡದವರನ್ನು ಯಾರೂ ಕಣ್ಣಾರೆ ಕಂಡಿರಲಿಲ್ಲ. ಅವರು ಕೇಳಿಸಿಕೊಳ್ಳುತ್ತಾರೆ ಎಂಬುದಷ್ಟೇ ಗೊತ್ತಿತ್ತು. ಅವರಿಗೆ ಅರ್ಥವಾದದ್ದು ಅವರದಾಗುತ್ತಿತ್ತು. ಊರಿನವರೆಲ್ಲ ಅಕ್ಷರ ಬದಲಿಸದ ಬರಿಮಾತಿನಲ್ಲೇ ಆಡುತ್ತಿದ್ದ ಕಾಲದಲ್ಲಿ, ಒಬ್ಬ ತನ್ನ ಹೆಂಡತಿಗೆ ಮೇಲಿನ ಹೊಲದಲ್ಲಿ ಎಳ್ಳು ಚೆನ್ನಾಗಿ ಬಂದಿದೆ ಎಂದು ಹೇಳಿದನಂತೆ. ಬೆಳಿಗ್ಗೆ ಹೋಗಿ ನೋಡಿದರೆ ಎಳ್ಳೂ ಇಲ್ಲ, ಕೂಳೆಯೂ ಇಲ್ಲ. ಒಬ್ಬ ತಾಯಿ ಮಗುವಿನ ಹೆಸರು ಹಿಡಿದು ತೊಟ್ಟಿಲು ತೂಗಿದಳಂತೆ. ತೂಗುತ್ತಿದ್ದಂತೆಯೇ ತೊಟ್ಟಿಲು ಹಗುರಾಯಿತಂತೆ. ಆಮೇಲೆ ಊರು ಮಾತನ್ನು ಮುಚ್ಚುವುದು ಕಲಿಯಿತು.

ಮೊದಲು ಕಲಿತದ್ದು ಮಕ್ಕಳಾಟದಂಥ ಉಪಾಯ. ಒಂದೊಂದು ಅಕ್ಷರವನ್ನು ಒಂದೊಂದು ಮನೆ ಮುಂದೆ ಸರಿಸುವುದು. ಕ ಅನ್ನಬೇಕಾದಲ್ಲಿ ಖ, ಖ ಅನ್ನಬೇಕಾದಲ್ಲಿ ಗ. ಒಂದು ತಲೆಮಾರು ಅದರಲ್ಲೇ ಮದುವೆ ಮಾಡಿತು, ಜಗಳ ಆಡಿತು, ಸತ್ತಿತು. ಆಮೇಲೆ ಒಂದು ಬೆಳಿಗ್ಗೆ ಕೊಟ್ಟಿಗೆಗಳೆಲ್ಲ ಖಾಲಿಯಾಗಿದ್ದವು. ಹಾಗಾದರೆ ಅಕ್ಷರಗಳನ್ನು ಸಾಲು ತಪ್ಪಿಸಿ ಕಲಸಿಬಿಡೋಣ ಎಂದರು. ಮಾಲೆ ಹುಟ್ಟಿದ್ದು ಆಗ. ಅದು ಊರನ್ನು ಬಹಳ ಕಾಲ ಕಾಯಿತು. ಒಂದು ಬೇಸಿಗೆಯ ಹಗಲು, ಮಂಜಿಲ್ಲದಾಗ, ಆಚೆ ದಡದ ಮರಳಿನ ಮೇಲೆ ಹರಳುಕಲ್ಲಿನ ಗುಡ್ಡೆಗಳು ಕಂಡವು. ಕೆಲವು ಆಳೆತ್ತರ, ಕೆಲವು ಒಂದು ಹಿಡಿಯಷ್ಟು. ಆಗಿನ ಮಾಲೆಗಾರ್ತಿಗೆ ನೋಡುತ್ತಲೇ ತಿಳಿಯಿತು. ಕೇಳಿದ ಒಂದೊಂದು ಸದ್ದಿಗೂ ಒಂದೊಂದು ಹರಳು ಇಡುತ್ತಿದ್ದಾರೆ. ಯಾವ ಸದ್ದಿನ ಗುಡ್ಡೆ ಎತ್ತರವೋ ಅದು ಬರಿಮಾತಿನಲ್ಲಿ ಹೆಚ್ಚಾಗಿ ಬರುವ ಅಕ್ಷರ. ಅದೊಂದು ಸಿಕ್ಕರೆ ಉಳಿದವು ಒಂದರ ಹಿಂದೆ ಒಂದು ಬಿಚ್ಚಿಕೊಳ್ಳುತ್ತವೆ. ಅದನ್ನು ತಪ್ಪಿಸಲು ಬಡಗಿಯೊಬ್ಬ ಚಕ್ರದೊಳಗೆ ಚಕ್ರ ಕೂರಿಸಿ, ಮಾತು ಮಾತಿಗೂ ತಿರುಗುವ ಮಾಲೆಯನ್ನು ಮಾಡಿಕೊಟ್ಟ. ಒಂದು ಪ್ರವಾಹದಲ್ಲಿ ಆ ಚಕ್ರ ಕೊಚ್ಚಿಹೋಗಿ ಆಚೆ ದಡ ಸೇರಿತು. ಕೊನೆಗೆ ಉಳಿದದ್ದು ಇಷ್ಟು: ಗುಡ್ಡೆಗಳು ಬೆಳೆಯುವ ಮುಂಚೆ ಮಾಲೆ ಬದಲಾಯಿಸುವುದು, ಹಳೆಯದನ್ನು ಸುಡುವುದು, ಸುಟ್ಟದ್ದನ್ನು ಮರೆಯುವುದು.

ಮರೆಯುವ ದಿನಕ್ಕೆ ಹೊಸಮಾತಿನ ದಿನ ಎಂದು ಹೆಸರು. ಅಂದು ಊರೆಲ್ಲ ಬಯಲಿನಲ್ಲಿ ಸೇರುತ್ತಿತ್ತು. ಹಳೆಯ ಮಾಲೆ ಬೆಂಕಿಗೆ ಬೀಳುತ್ತಿತ್ತು. ಪ್ರತಿಯೊಬ್ಬರೂ ಒಂದು ಗುಟುಕು ಕಹಿ ಬೇರಿನ ಕಷಾಯ ಕುಡಿಯುತ್ತಿದ್ದರು. ಆಮೇಲೆ ಮಾಲೆಗಾರ್ತಿ ಹೊಸ ಮಾಲೆ ಎತ್ತಿ ಹಿಡಿದು ಒಂದೊಂದೇ ಬೀಜ ಸರಿಸುತ್ತ ಹೇಳಿಕೊಡುತ್ತಿದ್ದಳು, ಊರು ಹಿಂದಿನಿಂದ ಹೇಳುತ್ತಿತ್ತು. ಸಂಜೆ ಹೊತ್ತಿಗೆ ಎಲ್ಲರ ನಾಲಿಗೆಯೂ ಹೊಸ ದಾರಿಗೆ ಹೊಂದಿಕೊಳ್ಳುತ್ತಿತ್ತು. ನಿನ್ನೆಯವರೆಗೆ ಆಡಿದ ಮಾತು ನೆನಪಿನಲ್ಲಿ ಬರೀ ಸದ್ದಾಗಿ ಉಳಿಯುತ್ತಿತ್ತು. ಸೋಬಾನೆಯ ಹಾಡುಗಳು ಗುನುಗುವುದಕ್ಕೆ ಬರುತ್ತಿದ್ದವು, ಏನು ಹಾಡಿದೆವು ಎಂಬುದು ತಿಳಿಯುತ್ತಿರಲಿಲ್ಲ.

ಬರಿಮಾತು ಗೊತ್ತಿದ್ದದ್ದು ಇಡೀ ಊರಿಗೆ ಮಾಲೆಗಾರ್ತಿ ಒಬ್ಬಳಿಗೆ. ಮೂಲ ತಿಳಿಯದೆ ಕಲಸುವುದು ಹೇಗೆ? ಅವಳ ತಾಯಿ ಸಾಯುವ ಮುಂಚೆ ಕಿವಿಯಲ್ಲಿ ಹೇಳಿಕೊಟ್ಟದ್ದು. ಕಷಾಯ ಅದನ್ನು ತೊಳೆಯುತ್ತಿರಲಿಲ್ಲ. ಆದರೆ ಅದನ್ನು ಯಾರ ಜೊತೆಗೂ ಆಡುವಂತಿರಲಿಲ್ಲ. ಊರಿನ ಮಕ್ಕಳಿಗೆ ನಡೆಯುವುದಕ್ಕೆ ಮುಂಚೆಯೇ ಒಂದು ಪಾಠ ಆಗಿರುತ್ತಿತ್ತು: ಕಿವಿಗೆ ಬರಿಮಾತು ಬಿದ್ದರೆ ಅದು ಆಚೆ ದಡದ್ದು, ಕಿವಿ ಮುಚ್ಚಿಕೊಂಡು ಓಡು. ಮಾಲೆಗಾರ್ತಿಯ ಮಗಳೂ ಆ ಪಾಠ ಕಲಿತೇ ಬೆಳೆದಳು. ಅವಳಿಗೆ ಬರಿಮಾತು ಹೇಳಿಕೊಡುವ ಕಾಲ ಇನ್ನೂ ಬಂದಿರಲಿಲ್ಲ.

ಅಂಟುವಾಳದ ಮರಗಳಿದ್ದದ್ದು ಹೊಳೆಯ ಮೇಲಿನ ನಡುಗಡ್ಡೆಯಲ್ಲಿ. ಮಾಲೆಗಾರ್ತಿಯೇ ದೋಣಿಯಲ್ಲಿ ಹೋಗಿ ಬೀಜ ತರುತ್ತಿದ್ದಳು. ಆ ಸಲ ಅವಳ ಮೊಣಕಾಲು ಬಾತುಕೊಂಡಿತ್ತು. ಮಗಳು ಹುಟ್ಟು ಎತ್ತಿಕೊಂಡಳು.

"ನೀನು ಕೂತ್ಕೋ ಅವ್ವಾ. ದೋಣಿ ಹತ್ತೋದಕ್ಕೇ ಆಗ್ತಿಲ್ಲ, ಹುಟ್ಟು ಹಾಕ್ತೀಯಾ?"

"ಹೊಸಮಾತಿನ ದಿನದೊಳಗೆ ಬಂದುಬಿಡಬೇಕು."

"ಬರದೆ ಎಲ್ಲಿಗೆ ಹೋಗ್ಲಿ? ನನ್ನ ಮಾತು ತಿಳಿಯೋ ಊರು ಬೇರೆ ಎಲ್ಲಿದೆ?"

ಮಗಳು ಹೋದ ಮೇಲೆ ಮಂಜು ಬಂತು. ನೀರಿನಿಂದ ಎದ್ದು, ದಡ ಹತ್ತಿ, ಬೇಲಿಗಳನ್ನು ನುಂಗಿ ಬಾಗಿಲವರೆಗೂ ಬಂದು ನಿಂತಿತು. ಹೊಸಮಾತಿನ ದಿನ ಹತ್ತಿರಾಯಿತು, ಮಗಳು ಬರಲಿಲ್ಲ. ಮಾಲೆಗಾರ್ತಿ ಊರ ಹಿರಿಯನ ಜಗಲಿಗೆ ಹೋದಳು. ಬೆಂಕಿಗೂ ಕಷಾಯಕ್ಕೂ ಗಳಿಗೆ ನೋಡಿ ಹೇಳುವವನು ಅವನು. ಒರಟು ಮನುಷ್ಯನಲ್ಲ, ನಿಧಾನವಾಗಿ ಮಾತಾಡುವವನು.

"ಅಯ್ಯಾ, ನಾಲ್ಕು ದಿನ ಮುಂದಕ್ಕೆ ಹಾಕಿ. ನನ್ನ ಮಗಳು ಹೊಳೆ ಮೇಲಿದ್ದಾಳೆ."

"ಅದಕ್ಕೇ ಮುಂದಕ್ಕೆ ಹಾಕೋ ಹಾಗಿಲ್ಲ ತಂಗೀ."

"ಅವಳು ಬಂದಾಗ ಯಾವ ಮಾತಿನಲ್ಲಿ ಕರೀಲಿ?"

"ಅವಳ ಬಾಯಲ್ಲಿ ನಮ್ಮ ಮಾಲೆ ಇದೆ. ಅವಳು ಎಲ್ಲಿದ್ದಾಳೋ ಗೊತ್ತಿಲ್ಲ. ಅಂದಮೇಲೆ ಮಾಲೆ ಎಲ್ಲಿದೆಯೋ ಅದೂ ಗೊತ್ತಿಲ್ಲ. ಯಾರ ಕೈಲಿದೆ ಅಂತ ತಿಳೀದ ಬೀಗದ ಕೈನ ನಂಬಿ ಬಾಗಿಲು ಹಾಕ್ಕೊಂಡು ಮಲಗ್ತೀಯಾ ನೀನು?"

ಅವನ ಜಾಗದಲ್ಲಿ ಅವಳಿದ್ದರೆ ಅವಳೂ ಅದನ್ನೇ ಹೇಳುತ್ತಿದ್ದಳು. ತಾಯಿ ಅವಳಿಗೆ ಕಲಿಸಿದ್ದೂ ಅದನ್ನೇ.

ಹೊಸಮಾತಿನ ದಿನ ಅವಳು ಮನೆಯಲ್ಲಿ ಉಳಿದಿದ್ದ ಕೊನೆಯ ಬೀಜಗಳನ್ನು ಬೋಗುಣಿಗೆ ಹಾಕಿ ಕುಲುಕಿದಳು, ಕಣ್ಣು ಮುಚ್ಚಿದಳು, ಒಂದೊಂದೇ ಬೀಜ ಎತ್ತಿ ಪೋಣಿಸಿದಳು. ಒಂದೊಂದು ಬೀಜ ದಾರಕ್ಕೆ ಇಳಿಯುವಾಗಲೂ ಮಗಳ ಮುಂದೆ ಒಂದೊಂದು ಬಾಗಿಲು ಹಾಕಿದ ಹಾಗಾಯಿತು. ಹಳೆಯ ಮಾಲೆಯನ್ನು ಸೆರಗಿನಲ್ಲಿ ಬಚ್ಚಿಡಬಹುದಿತ್ತು. ಕೈ ಸೆರಗಿನವರೆಗೂ ಹೋಗಿತ್ತು. ಬಯಲಿನಲ್ಲಿ ಕೂತ ಊರನ್ನು, ಕಂಕುಳಲ್ಲಿ ಕೂಸು ಎತ್ತಿಕೊಂಡ ಹೆಂಗಸರನ್ನು ನೋಡಿದಳು. ಮಾಲೆಯನ್ನು ಬೆಂಕಿಗೆ ಹಾಕಿದಳು. ಕಷಾಯ ಕುಡಿದಳು. ಸಂಜೆ ಮನೆಗೆ ಬಂದು ಮಗಳು ಹೊರಡುವಾಗ ಆಡಿದ ಮಾತನ್ನು ನೆನೆಸಿಕೊಂಡಳು. ಮಗಳ ಮುಖ ಇತ್ತು, ದನಿ ಇತ್ತು, ನಗು ಇತ್ತು. ಮಾತು ಇರಲಿಲ್ಲ.

ಮಗಳ ಕೂಗು ಬಂದದ್ದು ಮಾರನೆಯ ಬೆಳಿಗ್ಗೆ.

ಮಂಜಿನೊಳಗೆ ಎಲ್ಲೋ, ನೀರಿನ ಮೇಲೆ, ಹುಟ್ಟಿನ ಸದ್ದು. ಆಮೇಲೆ ದನಿ: "ಅಘ್ಘಾ... ಮಚ ಠಾಘ ಪಚೆ..."

ದಡದ ಕಾವಲುಗಾರ ಕೋಲು ಊರಿ ನಿಂತು, ಪದ್ಧತಿಯಂತೆ ಹೊಸಮಾತಿನಲ್ಲಿ ಕೇಳಿದ, ಯಾರದು, ಯಾರ ಮನೆ. ಅವನ ದನಿ ಕೇಳುತ್ತಲೇ ಹುಟ್ಟಿನ ಸದ್ದು ಹಿಂದೆ ಸರಿಯಿತು. ಗೊತ್ತಿಲ್ಲದ ಮಾತು ಬಂದ ಕಡೆಯೇ ಆಚೆ ದಡ ಎಂದು ದೋಣಿಯಲ್ಲಿದ್ದವಳು ತಿಳಿದಳೆಂದು ಮಾಲೆಗಾರ್ತಿಗೆ ಅರ್ಥವಾಯಿತು. ಅವಳು ನೀರಿಗೆ ಇಳಿದಳು. ಕಾವಲುಗಾರ ಕೋಲು ಅಡ್ಡ ಹಿಡಿದ.

"ಬಿಡು. ಅದು ನನ್ನ ಮಗಳ ದನಿ."

"ದನಿ ಅವಳದೇ ಅಕ್ಕಾ. ನನ್ನ ತಮ್ಮನ ದನಿಯೂ ಅವನದೇ ಆಗಿತ್ತು." ಕಾವಲುಗಾರ ನೀರಿನ ಕಡೆ ನೋಡುತ್ತ ಹೇಳಿದ. "ಅವನು ಮುಳುಗಿದ ಮೇಲೂ ಹಿಂಗೇ ಹಳೇ ಮಾಲೆಯಲ್ಲಿ ಕೂಗ್ತಿತ್ತು. ನಮ್ಮಪ್ಪ ತಡೀಲಾರದೆ ಈಜಿಕೊಂಡು ಹೋದ. ಆಮೇಲೆ ಇಬ್ಬರ ದನಿ ಕೂಗ್ತು."

ಅವಳು ದಡ ಹತ್ತಿದಳು. ಅವಳಿಗೂ ಗೊತ್ತಿರಲಿಲ್ಲ. ಮಂಜಿನಲ್ಲಿರುವುದು ಮಗಳೋ, ಮಗಳ ದನಿ ಹೊತ್ತ ಇನ್ನೇನೋ. ಏನು ಹೇಳುತ್ತಿದ್ದಾಳೆಂದು ತಿಳಿದರೆ ತಾನೇ ಅದು ತಿಳಿಯುವುದು.

ಸಂಜೆ ಮತ್ತೆ ಕೂಗು ಬಂತು. ಮಾರನೆಯ ದಿನವೂ ಬಂತು. ಅದೇ ಕೂಗು, ಅದೇ ಸಾಲು. ಮಾಲೆಗಾರ್ತಿ ದಡದಲ್ಲೇ ಕೂತಳು. ಮಡಿಲಲ್ಲಿ ಹರಳು ತುಂಬಿಕೊಂಡು, ಕೇಳಿದ ಒಂದೊಂದು ಸದ್ದಿಗೂ ಒಂದೊಂದು ಹರಳು ಇಟ್ಟಳು. ಹೆಂಗಸರು ನೀರಿಗೆ ಬಂದವರು ಅದನ್ನು ಕಂಡು ಕೊಡ ತುಂಬಿಸದೆ ಹಿಂದಿರುಗಿದರು. ಸುದ್ದಿ ಹೋಗಿ ಹಿರಿಯ ಬಂದು ನಿಂತ.

"ಇದು ಆಚೆಯವರ ಕೆಲಸ ತಂಗೀ."

"ಹೌದಯ್ಯಾ. ಅವರು ದೋಚೋದಕ್ಕೆ ಎಣಿಸ್ತಾರೆ. ನಾನು ಮಗಳು ಏನಂತಾಳೆ ಅಂತ ತಿಳ್ಕೊಳ್ಳೋದಕ್ಕೆ ಎಣಿಸ್ತೀನಿ."

ಹಿರಿಯ ಗುಡ್ಡೆಗಳನ್ನು ಒದೆಯಲಿಲ್ಲ. ಕೋಲಿನ ಮೇಲೆ ಗದ್ದ ಊರಿ ಸ್ವಲ್ಪ ಹೊತ್ತು ನೋಡಿದ. "ಎಣಿಸು. ಆದರೆ ನಿನ್ನ ಹತ್ರ ಇರೋದು ನಾಲ್ಕು ಕೂಗಿನ ಹರಳು. ಅವರ ಹತ್ರ ಒಂದು ಋತುವಿನ ಹರಳಿದೆ. ಅವಳು ಒಂದೊಂದು ಸಲ ಕೂಗಿದಾಗಲೂ ಅವರ ಗುಡ್ಡೆ ಬೆಳೀತದೆ. ನೀನು ಬಿಚ್ಚೋ ಹೊತ್ತಿಗೆ ಅವರು ಯಾವಾಗಲೋ ಬಿಚ್ಚಿರ್ತಾರೆ."

ಅವನು ಹೇಳಿದ್ದು ಸುಳ್ಳಲ್ಲ. ಎಣಿಕೆ ಅವಳಿಗೆ ದಾರಿ ತೋರಿಸಲಿಲ್ಲ. ಕೂಗು ಒಂದೇ ಆದ್ದರಿಂದ ಘಕಾರದ ಗುಡ್ಡೆ ಮಾತ್ರ ಎದ್ದು ನಿಂತಿತು. ಬರಿಮಾತಿನಲ್ಲಿ ಹೆಚ್ಚಾಗಿ ಬರುವ ರ ಅನ್ನು ಅಲ್ಲಿ ಇಟ್ಟು ನೋಡಿದಳು. ಅರ್ರಾ ಎಂದಾಯಿತು. ದ ಇಟ್ಟಳು, ಲ ಇಟ್ಟಳು. ಯಾವುದೂ ಮಾತಾಗಲಿಲ್ಲ. ಕೊನೆಗೆ ಹರಳುಗಳನ್ನು ಬಿಟ್ಟು ಸುಮ್ಮನೆ ಕೂತಳು. ದಾರಿ ತಪ್ಪಿದ ಹುಡುಗಿ ಮಂಜಿನಲ್ಲಿ ಮೊದಲು ಯಾರನ್ನು ಕೂಗುತ್ತಾಳೆ?

ಅಘ್ಘಾ. ಅವ್ವಾ.

ಘ ಎಂದರೆ ವ. ಹಾಗಾದರೆ ಠಾಘ ಎಂಬುದರಲ್ಲಿ ಕೊನೆಯದು ವ. ಯಾವ, ಎಂದುಕೊಂಡಳು. ಯಾವ ಪಚೆ. ಯಾವ... ಕಡೆ. ಚ ಎಂದರೆ ಡ. ಮಚ ಎಂದರೆ, ಮೊದಲು ಗೊತ್ತಿಲ್ಲದ ಒಂದು ಅಕ್ಷರ, ಆಮೇಲೆ ಡ. ಹೊಳೆಯ ನಡುವೆ ನಿಂತವಳು ಯಾವುದನ್ನು ಹುಡುಕುತ್ತಾಳೆ?

ಅವ್ವಾ, ದಡ ಯಾವ ಕಡೆ.

ಮಾಲೆಗಾರ್ತಿ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಆಚೆಯವರು ದಡ ಕೇಳುವುದಿಲ್ಲ. ದನಿಯನ್ನು ಕದ್ದವರಿಗೆ ದಡ ಯಾಕೆ ಬೇಕು? ಅದು ಮಗಳೇ. ಮೊದಲ ಕೂಗಿನಿಂದಲೂ ಅವಳು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ, ಊರೆಲ್ಲ ನಿಂತು ಕೇಳಿಸಿಕೊಂಡಿತ್ತು, ಒಬ್ಬರೂ ಉತ್ತರ ಕೊಟ್ಟಿರಲಿಲ್ಲ.

ಈಗ ಅವಳ ಕೈಯಲ್ಲಿ ಹಳೆಯ ಮಾಲೆಯ ಐದು ಬೀಜಗಳಿದ್ದವು. ವ, ಯ, ಕ, ಡ, ದ. ಅವುಗಳಲ್ಲಿ ಬಾ ಎನ್ನಲು ಬರುವುದಿಲ್ಲ. ಮಗಳೇ ಎನ್ನಲು ಬರುವುದಿಲ್ಲ. ನಾನು ಎನ್ನಲು ಕೂಡ ಬರುವುದಿಲ್ಲ. ಎಷ್ಟು ತಿರುಗಿಸಿ ಮುರುಗಿಸಿದರೂ ಮಗಳ ಪ್ರಶ್ನೆಗೆ ಉತ್ತರವಾಗಿ ಅವಳಿಗೆ ಕಟ್ಟಲು ಬಂದದ್ದು ಎರಡೇ ಶಬ್ದ. ಈ ಕಡೆ.

ಸಂಜೆ ಹುಟ್ಟಿನ ಸದ್ದು ಕೇಳಿದಾಗ ಅವಳು ಸೊಂಟದ ಮಟ್ಟ ನೀರಿನಲ್ಲಿ ನಿಂತಿದ್ದಳು. ಕಾವಲುಗಾರ ಈ ಸಲ ಕೋಲು ಅಡ್ಡ ಹಿಡಿಯಲಿಲ್ಲ, ಮುಖ ಬೇರೆ ಕಡೆ ತಿರುಗಿಸಿ ನಿಂತ.

"ಅಘ್ಘಾ, ಮಚ ಠಾಘ ಪಚೆ..."

"ಈ ಪಚೆ!" ಎಂದು ಅವಳು ಕೂಗಿದಳು. "ಈ ಪಚೆ!"

ಮಂಜಿನೊಳಗಿಂದ ನಗುವಿನಂಥದ್ದು, ಅಳುವಿನಂಥದ್ದು ಕೇಳಿತು. ನಗೆಗೂ ಅಳುವಿಗೂ ಮಾಲೆ ಇಲ್ಲ. ಹುಟ್ಟು ಬೇಗ ಬೇಗ ನೀರಿಗೆ ಬೀಳತೊಡಗಿತು. ಸದ್ದು ಹತ್ತಿರ ಬಂತು, ಇನ್ನೂ ಹತ್ತಿರ ಬಂತು. ದೋಣಿಯ ಮೂತಿಯ ಕಪ್ಪು ಮಂಜಿನಲ್ಲಿ ಮಸುಕಾಗಿ ಕಂಡಿತೆಂದು ಕಾವಲುಗಾರ ಆಮೇಲೆ ಹೇಳಿದ.

ಆಗ ಆಚೆ ದಡದಿಂದ ಒಂದು ಹೆಣ್ಣುದನಿ ಬಂತು. "ಈ ಪಚೆ," ಎಂದಿತು. "ಈ ಪಚೆ."

ಹುಟ್ಟು ನಿಂತಿತು.

ದೋಣಿಯಲ್ಲಿದ್ದವಳು ಎರಡೂ ಕಡೆ ಕಿವಿ ಕೊಟ್ಟಿರಬೇಕು. ಮಂಜು ಎರಡೂ ದನಿಗಳನ್ನು ಒಂದೇ ಸಮ ಅರೆದಿತ್ತು. ಆಮೇಲೆ ಅವಳು ಏನೋ ಕೇಳಿದಳು. ಉದ್ದದ ಮಾತು. ಅವ್ವನೇ ಆಗಿದ್ದರೆ ಮಾತ್ರ ಹೇಳಬಲ್ಲದ್ದನ್ನು ಕೇಳಿದಳೋ, ಏನಾದರೂ ಇನ್ನೊಂದು ಮಾತಾಡು ಎಂದಳೋ. ಮಾಲೆಗಾರ್ತಿಗೆ ಅದರಲ್ಲಿ ಅಲ್ಲೊಂದು ವಕಾರ, ಇಲ್ಲೊಂದು ದಕಾರ ಸಿಕ್ಕಿತು. ಉಳಿದದ್ದು ನೀರಿನ ಹಾಗೆ ಬೆರಳ ಸಂದಿಯಲ್ಲಿ ಹರಿದುಹೋಯಿತು.

"ಈ ಪಚೆ," ಎಂದಳು ಅವಳು. ಅಷ್ಟೇ ಅವಳಲ್ಲಿ ಇದ್ದದ್ದು.

ಆಚೆ ದಡದ ದನಿ ಮಾತಾಡಿತು. ತಡವರಿಸದೆ, ಸಾವಧಾನವಾಗಿ, ಹಳೆಯ ಮಾಲೆಯ ಬೀಜಗಳನ್ನು ಒಂದೊಂದಾಗಿ ಸರಿಸುವಂತೆ ಉದ್ದಕ್ಕೆ ಮಾತಾಡಿತು. ಮಗಳನ್ನು ಮಗಳೇ ಎಂದು ಕರೆದಿರಬೇಕು. ಮೈ ಒದ್ದೆಯಾಗಿದೆಯಾ ಎಂದು ಕೇಳಿರಬೇಕು, ಒಲೆ ಹೊತ್ತಿಸಿದ್ದೇನೆ ಎಂದಿರಬೇಕು. ತಾಯಿ ಆಡಬೇಕಾದದ್ದನ್ನೆಲ್ಲ ಆಡಿತು. ಮಾಲೆಗಾರ್ತಿ ಎರಡು ಶಬ್ದವನ್ನೇ ಮತ್ತೆ ಮತ್ತೆ ಕೂಗಿದಳು, ಕೂಗಿದಷ್ಟೂ ಅವಳ ದನಿಯೇ ಮಾರ್ದನಿಯಂತಾಯಿತು. ಕದ್ದು ಕಲಿತವಳ ಹಾಗೆ ಆಡುತ್ತಿದ್ದವಳು ಅವಳೇ.

ಹುಟ್ಟು ಮತ್ತೆ ಆಡಿತು, ಆಚೆಗೆ.

ಅವಳು ಆಗ ಬರಿಮಾತಿನಲ್ಲಿ ಕೂಗಿದಳು. ತಾಯಿ ಕಿವಿಯಲ್ಲಿ ಹೇಳಿಕೊಟ್ಟ ಮೇಲೆ ಒಮ್ಮೆಯೂ ಬಾಯಿ ಬಿಟ್ಟು ಆಡದ ಮಾತು. "ಹೋಗಬೇಡ ಮಗಳೇ, ನಾನು ಇಲ್ಲಿದ್ದೇನೆ. ನಿನ್ನ ಅವ್ವ ಇಲ್ಲಿದ್ದೇನೆ."

ಅದಕ್ಕಿಂತ ನಿಜವಾದ ಮಾತನ್ನು ಆ ದಡದಲ್ಲಿ ಯಾರೂ ಆಡಿರಲಿಲ್ಲ. ಬೆನ್ನ ಹಿಂದೆ ಕಾವಲುಗಾರ ಕಿವಿ ಮುಚ್ಚಿಕೊಂಡು ಓಡಿದ. ದೋಣಿಯಲ್ಲಿದ್ದವಳೂ ಚಿಕ್ಕಂದಿನಲ್ಲಿ ಕಲಿತದ್ದನ್ನೇ ಮಾಡಿದಳು. ಹುಟ್ಟುಗಳು ಹೆದರಿದ ಹಕ್ಕಿಯ ರೆಕ್ಕೆಯಂತೆ ಪಟಪಟ ಬಡಿದವು. ಸದ್ದು ನದಿಯ ಅರ್ಧ ದಾಟಿತು. ಆಚೆಯ ಮರಳಿಗೆ ದೋಣಿಯ ತಳ ಉಜ್ಜಿದ್ದು ಕೇಳಿಸಿತು. ಬರಿಮಾತಿನಲ್ಲಿ ಮಗಳೇ ಎಂದು ಕರೆದದ್ದಕ್ಕೆ ಅವಳು ಅವರದಾದಳೋ, ಅದಕ್ಕೂ ಮುಂಚೆಯೇ ಆಗಿದ್ದಳೋ, ಅದು ತಾಯಿಗೆ ಎಂದೂ ತಿಳಿಯಲಿಲ್ಲ.

ಆಮೇಲೆ ಆಚೆಯಿಂದ ಕೊನೆಯ ಬಾರಿ ಮಗಳ ದನಿ ಬಂತು. ಚಿಕ್ಕ ಕೂಗು.

"ಝಾಣೇ, ಅಘ್ಘಾ."

ಅಷ್ಟೇ. ಆಮೇಲೆ ನೀರು, ಮಂಜು.

ಕತ್ತಲಾಗುವ ಮುಂಚೆ ಹಿರಿಯ ಬಂದ. ಅವಳನ್ನು ನೀರಿನಿಂದ ಮೇಲಕ್ಕೆ ಕರೆದುಕೊಂಡು ಹೋಗಿ, ತನ್ನ ಕಂಬಳಿ ಹೊದಿಸಿದ. ಬೈಯಲಿಲ್ಲ.

"ನಾಳೆ ಬೇರೆ ಮಾಲೆ ಪೋಣಿಸಬೇಕು ತಂಗೀ. ಬರಿಮಾತು ಅವರ ಕಿವಿಗೆ ಬಿದ್ದಿದೆ."

"ಬೀಜ ಇಲ್ಲ ಅಯ್ಯಾ. ಬೀಜ ದೋಣಿಯಲ್ಲಿತ್ತು."

"ಹುಣಸೆ ಬೀಜ ಆಗ್ತದೆ."

ಅವಳು ಹುಣಸೆ ಬೀಜ ಕೊರೆದಳು, ಕುಲುಕಿದಳು, ಪೋಣಿಸಿದಳು. ಊರು ಕಷಾಯ ಕುಡಿದು ಹೊಸಮಾತು ಕಲಿಯಿತು. ಮಂಜು ತಾನಾಗಿ ಕರಗಿತು. ಊರಿಗೆ ಏನೂ ಆಗಲಿಲ್ಲ. ಕೊಟ್ಟಿಗೆಗಳು ತುಂಬಿದ್ದವು, ತೊಟ್ಟಿಲುಗಳು ಭಾರವಾಗಿದ್ದವು.

ಮಾಲೆಗಾರ್ತಿ ದಿನಾ ಬೆಳಿಗ್ಗೆ ನೀರಿನಂಚಿಗೆ ಹೋಗಿ ಆ ಕೊನೆಯ ಕೂಗನ್ನು ಮೆಲ್ಲಗೆ ಹೇಳಿಕೊಳ್ಳುತ್ತಿದ್ದಳು. ಅವ್ವಾ ಎಂಬುದು ಗೊತ್ತು. ಅದರ ಹಿಂದಿನದು ಗೊತ್ತಿಲ್ಲ. ಆ ಎರಡು ಸದ್ದುಗಳು ಅವಳ ಗುಡ್ಡೆಗಳಲ್ಲಿ ಎಲ್ಲೂ ಇರಲಿಲ್ಲ. ಬಾರೇ ಅವ್ವಾ ಎಂದಿರಬಹುದು. ತಾಳೇ ಅವ್ವಾ ಎಂದೂ ಇರಬಹುದು. ಎರಡೂ ಅಲ್ಲಿ ಸರಿಯಾಗಿ ಕೂರುತ್ತಿದ್ದವು. ಬಾ ಎಂದಿದ್ದರೆ ಅವಳು ಅಂದೇ ನೀರಿಗೆ ಇಳಿಯುತ್ತಿದ್ದಳು. ತಾಳು ಎಂದಿದ್ದರೆ ಸಾಯುವವರೆಗೆ ಆ ದಡದಲ್ಲಿ ಕೂರುತ್ತಿದ್ದಳು. ಆ ಕೂಗು ತನಗೋ, ಆಚೆಯ ದನಿಗೋ ಎಂಬುದೂ ಗೊತ್ತಿರಲಿಲ್ಲ.

ಗೊತ್ತಾಗಬೇಕಾದರೆ ಇನ್ನಷ್ಟು ಕೂಗು ಬೇಕಿತ್ತು. ಕೂಗುವವರಿರಲಿಲ್ಲ. ಗುಡ್ಡೆಗೆ ಇನ್ನೊಂದು ಹರಳು ಸೇರುವ ಹಾಗಿರಲಿಲ್ಲ. ಆ ಮಾತನ್ನು ಇನ್ನು ಯಾರೂ ಅವಳಿಂದ ಕಸಿದುಕೊಳ್ಳಲಾರರು, ಅವಳೂ ಅದನ್ನು ಬಿಚ್ಚಲಾರಳು. ಆ ಊರಿನಲ್ಲಿ ಅಷ್ಟು ಭದ್ರವಾಗಿ ಉಳಿದ ಮಾತು ಅದೊಂದೇ.